ಲೆಕ್ಕದಲ್ಲಿ ಸಿಕ್ಕಿಬಿದ್ದಿರಾ? ಗಣಿತ ಶಿಕ್ಷಕರಾಗಲು ಹೊರಟವರಿಗೆ ಒಂದು ಮಾರ್ಗದರ್ಶಿ

ಗಣಿತ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರಿಗೆ ವರ್ಗ ಸಮೀಕರಣದ ಅಧ್ಯಾಯದಿಂದ ಹತ್ತು ಲೆಕ್ಕ ಕೊಡಿ, ಪಟಪಟ ಅಂತ ಬಿಡಿಸಿಬಿಡುತ್ತಾರೆ. ಅದೇ ಲೆಕ್ಕವನ್ನು ಅಧ್ಯಾಯದ ಹೆಸರಿಲ್ಲದೆ ನಾಲ್ಕು ಸಾಲಿನ ಮಾತಿನಲ್ಲಿ ಕೊಡಿ. ಪೆನ್ನು ನಿಲ್ಲುತ್ತದೆ. "ಇದು ಯಾವ ಚಾಪ್ಟರ್?" ಅನ್ನುವ ಪ್ರಶ್ನೆ ಬರುತ್ತದೆ. ಯಾಕೆಂದರೆ ಇಷ್ಟು ವರ್ಷ ಬಿಡಿಸಿದ್ದು ಬಹುಪಾಲು ಅಭ್ಯಾಸದ ಲೆಕ್ಕಗಳನ್ನೇ. ಅಲ್ಲಿ ವಿಧಾನ ಮೊದಲೇ ಗೊತ್ತಿರುತ್ತದೆ, ಸಂಖ್ಯೆ ತುಂಬಿಸಿದರೆ ಆಯಿತು. ಸಮಸ್ಯೆ ಅಂದರೆ ಯಾವ ವಿಧಾನ ಅಂತಲೇ ಗೊತ್ತಿಲ್ಲದ ಲೆಕ್ಕ. ಅದನ್ನು ಬಿಡಿಸುವುದು ಬೇರೆಯೇ ಕೆಲಸ, ಅದನ್ನು ಬೇರೆಯಾಗಿಯೇ ಕಲಿಯಬೇಕು.

ಬೇರೆ ಕೆಲಸಕ್ಕೆ ಹೋಗುವವರು ಈ ತೊಂದರೆಯನ್ನು ಹಾಗೇ ಬಿಟ್ಟು ಮುಂದೆ ಹೋದರೂ ನಡೆಯುತ್ತದೆ. ನಿಮಗೆ ನಡೆಯುವುದಿಲ್ಲ. ನಾಳೆ ತರಗತಿಯಲ್ಲಿ ಮಗು ಎಲ್ಲಿ ಸಿಕ್ಕಿಬಿದ್ದಿದೆ ಅಂತ ಹುಡುಕುವುದೇ ನಿಮ್ಮ ಕೆಲಸ. ತಾನು ಎಲ್ಲಿ ಸಿಕ್ಕಿಬಿದ್ದೆ ಅಂತ ನೋಡಿಕೊಳ್ಳುವ ರೂಢಿಯೇ ಇಲ್ಲದವರಿಗೆ ಇನ್ನೊಬ್ಬರದು ಕಾಣಿಸುವುದು ಕಷ್ಟ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಸುಮ್ನೆ ಓದಿ ಬಿಡಬೇಡಿ. ಪಕ್ಕದಲ್ಲಿ ಹಾಳೆ, ಪೆನ್ನು ಇಟ್ಟುಕೊಳ್ಳಿ.

ಹೆಜ್ಜೆ 1: "ನನಗೆ ಲೆಕ್ಕ ಬರಲ್ಲ" ಅನ್ನುವುದನ್ನು ಬಿಡಿ, ಜಾಗ ಹುಡುಕಿ

"ಬರಲ್ಲ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಎಲ್ಲಿ ಬರಲ್ಲ? ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1977ರಲ್ಲಿ ಇದಕ್ಕೆ ಒಂದು ಸರಳ ದಾರಿ ತೋರಿಸಿದರು. ವಾಕ್ಯರೂಪದ ಲೆಕ್ಕ ಬಿಡಿಸುವವರು ಐದು ಬಾಗಿಲು ದಾಟಬೇಕು. ಪ್ರಶ್ನೆ ಓದುವುದು, ಅರ್ಥ ಮಾಡಿಕೊಳ್ಳುವುದು, ಅದನ್ನು ಗಣಿತದ ರೂಪಕ್ಕೆ ತರುವುದು, ಲೆಕ್ಕ ಮಾಡುವುದು, ಕೊನೆಗೆ ಬಂದದ್ದನ್ನು ಸರಿಯಾದ ಉತ್ತರವಾಗಿ ಬರೆಯುವುದು. ಮೊದಲು ಮುಚ್ಚಿದ ಬಾಗಿಲು ಯಾವುದೋ ಅದೇ ನಿಮ್ಮ ಜಾಗ.

ನಿಮ್ಮ ಹಳೆಯ ಟೆಸ್ಟ್ ಪೇಪರ್‌ಗಳನ್ನು ತೆಗೆಯಿರಿ. ತಪ್ಪಾದ ಪ್ರತಿ ಲೆಕ್ಕದ ಪಕ್ಕದಲ್ಲಿ 1ರಿಂದ 5ರವರೆಗಿನ ಒಂದು ಅಂಕಿ ಬರೆಯಿರಿ. ಎಲ್ಲವೂ "ಕೂಡುವಾಗ ತಪ್ಪಾಯ್ತು" ಅಂತ ಅನಿಸಬಹುದು. ನಿಧಾನವಾಗಿ ನೋಡಿದರೆ ಜಾಸ್ತಿ ಕಾಣಿಸುವುದು 2 ಮತ್ತು 3. ಅಂದರೆ ಅರ್ಥ ಮಾಡಿಕೊಳ್ಳುವುದು ಮತ್ತು ಗಣಿತದ ರೂಪಕ್ಕೆ ತರುವುದು. ಆದರೆ ನಾವು ಅಭ್ಯಾಸ ಮಾಡುವುದು ಮಾತ್ರ ನಾಲ್ಕನೆಯದನ್ನು!

ಐದನೆಯ ಬಾಗಿಲನ್ನೂ ಕಡೆಗಣಿಸಬೇಡಿ. ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಒಂದು ಲೆಕ್ಕ 1980ರ ದಶಕದಿಂದ ಗಣಿತ ಶಿಕ್ಷಣದವರ ಬಾಯಲ್ಲಿದೆ. 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ ಬೇಕು? ನೂರಕ್ಕೆ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. 32 ಅಂತ ಬರೆದವರು ನೂರಕ್ಕೆ 23 ಜನ ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿ "31, ಶೇಷ 12" ಅಂತ ಬರೆದು ಪೆನ್ನು ಮುಚ್ಚಿದರು. ಆ ಶೇಷದಲ್ಲಿ ಹನ್ನೆರಡು ಜನ ರಸ್ತೆಯಲ್ಲೇ ನಿಂತಿದ್ದಾರೆ, ಅಲ್ವಾ?

ಹೆಜ್ಜೆ 2: ಮಾತನ್ನು ಸಮೀಕರಣ ಮಾಡುವಾಗ ಸಂಖ್ಯೆ ಹಾಕಿ ನೋಡಿ

ಈಗ ಇದನ್ನು ಬರೆಯಿರಿ. "ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ." ವಿದ್ಯಾರ್ಥಿಗಳ ಸಂಖ್ಯೆ 'ವಿ', ಪ್ರಾಧ್ಯಾಪಕರ ಸಂಖ್ಯೆ 'ಪ್ರ'. ಸಮೀಕರಣ ಏನು?

6ವಿ = ಪ್ರ ಅಂತ ಬರೆದಿದ್ದರೆ ನಿಮಗೆ ಜೊತೆಗಾರರು ತುಂಬಾ ಇದ್ದಾರೆ. 1981ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ನೂರಕ್ಕೆ 37 ಮಂದಿಗೆ ತಪ್ಪಿತು. ತಪ್ಪಿದವರಲ್ಲಿ ಹೆಚ್ಚಿನವರು ಹೀಗೇ ತಿರುಗುಮುರುಗಾಗಿ ಬರೆದಿದ್ದರು. ಇವರಿಗೆಲ್ಲ ಬೀಜಗಣಿತ ಬರುತ್ತಿತ್ತು. ತೊಂದರೆ ಏನಾಗುತ್ತದೆ ಅಂದರೆ, 'ವಿ'ಯನ್ನು ಒಂದು ಸಂಖ್ಯೆ ಅಂತ ನೋಡುವ ಬದಲು ವಿದ್ಯಾರ್ಥಿಗಳಿಗೆ ಅಂಟಿಸಿದ ಚೀಟಿ ಅಂತ ನೋಡುತ್ತಾರೆ. ಆಗ 6ವಿ = ಪ್ರ ಅನ್ನುವುದು "ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ" ಅಂತ ಓದಿಸಿಕೊಂಡು ಬಿಡುತ್ತದೆ.

ಮದ್ದು ಸುಲಭ. 10 ಜನ ಪ್ರಾಧ್ಯಾಪಕರು ಅಂದುಕೊಳ್ಳಿ, ವಿದ್ಯಾರ್ಥಿಗಳು 60. ಇವನ್ನು 6ವಿ = ಪ್ರ ಒಳಗೆ ಹಾಕಿ. 360 = 10 ಬಂತು. ಕೂಡಲೇ ಕಣ್ಣಿಗೆ ಹೊಡೆಯುತ್ತದೆ, ಇದು ವಿ = 6ಪ್ರ ಆಗಬೇಕು. ಯಾವ ಸಮೀಕರಣ ಬರೆದರೂ ಬಿಡಿಸುವ ಮುಂಚೆ ಒಂದು ಜೊತೆ ಸಂಖ್ಯೆ ಹಾಕಿ ನೋಡಿ. ಅರ್ಧ ನಿಮಿಷದ ಕೆಲಸ.

ಇದೇ ಹೆಜ್ಜೆಯಲ್ಲಿ ಇನ್ನೊಂದು ಕೆಟ್ಟ ಅಭ್ಯಾಸವನ್ನು ಕಿತ್ತುಹಾಕಬೇಕು. "ಒಟ್ಟು ಅಂದ್ರೆ ಕೂಡು, ಉಳಿದಿದ್ದು ಅಂದ್ರೆ ಕಳೆ, ಜಾಸ್ತಿ ಅಂದ್ರೆ ಕೂಡು" ಅನ್ನುವ ಪಟ್ಟಿ. ಶಾಲೆಯಲ್ಲಿ ಯಾರೋ ಕಲಿಸಿರುತ್ತಾರೆ, ನೀವೂ ನಾಳೆ ಕಲಿಸಿಬಿಡುವ ಅಪಾಯ ಇದೆ. ಇದನ್ನು ನೋಡಿ. ಅಣ್ಣನ ಹತ್ತಿರ ತಂಗಿಗಿಂತ 5 ಪೆನ್ಸಿಲ್ ಜಾಸ್ತಿ ಇವೆ. ಅಣ್ಣನ ಹತ್ತಿರ 12 ಇದ್ದರೆ ತಂಗಿಯ ಹತ್ತಿರ ಎಷ್ಟು? ಪಟ್ಟಿಯ ಪ್ರಕಾರ ಹೋದರೆ 17. ಪಟ್ಟಿ ಕಲಿತ ಮಗು ಪ್ರಶ್ನೆಯನ್ನು ಓದುವುದನ್ನೇ ಬಿಡುತ್ತದೆ, ಒಂದು ಪದ ಮತ್ತು ಎರಡು ಸಂಖ್ಯೆ ಸಿಕ್ಕರೆ ಸಾಕು ಅದಕ್ಕೆ.

ಇದು ಎಲ್ಲಿಯವರೆಗೆ ಹೋಗುತ್ತದೆ ಅಂದರೆ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಚಿಕ್ಕ ಮಕ್ಕಳಿಗೆ "ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ನಾಯಕನ ವಯಸ್ಸೆಷ್ಟು?" ಅಂತ ಕೇಳಿದಾಗ ಬಹುಪಾಲು ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ವಯಸ್ಸು ಹೇಳಿಬಿಟ್ಟರು. ನಗು ಬರುತ್ತದೆ. ಆದರೆ ದೊಡ್ಡವರ ಕಥೆ ಕೇಳಿ. ಬೆಲ್ಜಿಯಂನಲ್ಲಿ ಶಿಕ್ಷಕ ತರಬೇತಿಯಲ್ಲಿದ್ದವರ ಬಗ್ಗೆ 1997ರಲ್ಲಿ ಒಂದು ಅಧ್ಯಯನ ಬಂತು. ಎರಡು ಕಂಬಗಳ ನಡುವೆ 12 ಮೀಟರ್ ಅಂತರ, ನಮ್ಮ ಹತ್ತಿರ ಇರುವುದು ಒಂದೂವರೆ ಮೀಟರ್ ಹಗ್ಗದ ತುಂಡುಗಳು, ಗಂಟು ಹಾಕಿ ಕಟ್ಟಲು ಎಷ್ಟು ತುಂಡು ಬೇಕು ಅನ್ನುವಂಥ ಲೆಕ್ಕಗಳು. 12ನ್ನು ಒಂದೂವರೆಯಿಂದ ಭಾಗಿಸಿದರೆ 8. ಗಂಟಿಗೆ ಹಗ್ಗ ಬೇಡವಾ? ಇಂಥ ಎಷ್ಟೋ ಲೆಕ್ಕಗಳಿಗೆ ಭಾವೀ ಶಿಕ್ಷಕರೂ ಯೋಚನೆ ಮಾಡದೆ ಭಾಗಿಸಿ ಉತ್ತರ ಕೊಟ್ಟರು. ಮಕ್ಕಳ ಉತ್ತರಕ್ಕೆ ಅಂಕ ಕೊಡುವಾಗಲೂ, ಯೋಚನೆ ಮಾಡಿ ಬರೆದ ಉತ್ತರಕ್ಕಿಂತ ನೇರವಾಗಿ ಲೆಕ್ಕ ಮಾಡಿದ ಉತ್ತರವೇ ಹೆಚ್ಚಿನವರಿಗೆ ಇಷ್ಟವಾಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಿಂತೆಯ ವಿಷಯ ಇದೇ.

ಹೆಜ್ಜೆ 3: ಹೊರಟ ದಾರಿಯನ್ನು ನಡುವೆ ನಿಂತು ನೋಡಿ

ಪ್ರಶ್ನೆ ಓದಿದ ಕೂಡಲೇ ಏನೋ ಒಂದು ಸೂತ್ರ ನೆನಪಾಗುತ್ತದೆ. ಶುರು ಮಾಡುತ್ತೇವೆ. ಎರಡು ಪುಟ ತುಂಬುತ್ತದೆ. ಎಲ್ಲಿಗೂ ಹೋಗುತ್ತಿಲ್ಲ ಅಂತ ಒಳಗೊಳಗೆ ಗೊತ್ತಿದ್ದರೂ, ಇಷ್ಟು ಬರೆದಾಗಿದೆಯಲ್ಲ ಅಂತ ಬಿಡಲು ಮನಸ್ಸಾಗುವುದಿಲ್ಲ. ಅಮೆರಿಕದ ಗಣಿತ ಶಿಕ್ಷಣ ಸಂಶೋಧಕ ಆಲನ್ ಶೋನ್‌ಫೆಲ್ಡ್ ಕಾಲೇಜು ವಿದ್ಯಾರ್ಥಿಗಳು ಲೆಕ್ಕ ಬಿಡಿಸುವುದನ್ನು ವಿಡಿಯೊ ಮಾಡಿ ಕೂತು ನೋಡಿದಾಗ ಪದೇ ಪದೇ ಕಂಡಿದ್ದು ಇದೇ. ಬೇಗ ಓದಿ, ಒಂದು ದಾರಿ ಹಿಡಿದು, ಕೊಟ್ಟ 20 ನಿಮಿಷ ಪೂರ್ತಿ ಅದೇ ದಾರಿಯಲ್ಲಿ ಓಡುವುದು. ಅನುಭವಿ ಗಣಿತಜ್ಞರು ಹಾಗೆ ಮಾಡಲಿಲ್ಲ. ಅವರಿಗೂ ಸರಿಯಾದ ದಾರಿ ಕೂಡಲೇ ಸಿಗಲಿಲ್ಲ, ಎಷ್ಟೋ ತಪ್ಪು ದಾರಿ ಹಿಡಿದರು, ಆದರೆ ಬೇಗ ನಿಂತು ವಾಪಸ್ ಬಂದರು.

ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಓಡಾಡುತ್ತಾ ಮೂರೇ ಪ್ರಶ್ನೆ ಕೇಳುತ್ತಿದ್ದರು. ಈಗ ಏನು ಮಾಡ್ತಿದ್ದೀರಿ? ಯಾಕೆ ಮಾಡ್ತಿದ್ದೀರಿ? ಇದು ಬಂದರೆ ಮುಂದೆ ಏನು ಉಪಯೋಗ? ಇವನ್ನು ಒಂದು ಚೀಟಿಯಲ್ಲಿ ಬರೆದು ಪೆನ್ಸಿಲ್ ಬಾಕ್ಸ್‌ಗೆ ಅಂಟಿಸಿಕೊಳ್ಳಿ. ಐದು ನಿಮಿಷಕ್ಕೊಮ್ಮೆ ಮೊಬೈಲ್‌ನಲ್ಲಿ ಅಲಾರಂ ಇಟ್ಟು ಈ ಮೂರಕ್ಕೆ ಗಟ್ಟಿಯಾಗಿ ಉತ್ತರ ಹೇಳಿ. ಮೂರನೆಯದಕ್ಕೆ ಉತ್ತರ ಬರಲಿಲ್ಲ ಅಂದರೆ ಆ ದಾರಿಗೆ ಒಂದು ಗೆರೆ ಎಳೆದು ನಿಲ್ಲಿಸಿ. ಉಜ್ಜಿ ಅಳಿಸಬೇಡಿ, ಆಮೇಲೆ ಬೇಕಾಗುತ್ತದೆ.

ಸಮಯದ ಬಗ್ಗೆ ಒಂದು ಮಾತು. ಇದೇ ಸಂಶೋಧಕರು ಹೈಸ್ಕೂಲ್ ವಿದ್ಯಾರ್ಥಿಗಳನ್ನು ಕೇಳಿದಾಗ, ಒಂದು ಮನೆಗೆಲಸದ ಲೆಕ್ಕಕ್ಕೆ ಸುಮಾರು 2 ನಿಮಿಷ ಸಾಕು, ಸುಮಾರು 12 ನಿಮಿಷವಾದರೂ ಬರದಿದ್ದರೆ ಅದು ಬಿಡಿಸಲಾಗದ ಲೆಕ್ಕ ಅನ್ನುವ ಅರ್ಥದ ಉತ್ತರಗಳು ಬಂದವು. ಆ ನಂಬಿಕೆಯನ್ನೇ ಹೊತ್ತುಕೊಂಡು ನಾವು ಕಾಲೇಜಿಗೂ ಬರುತ್ತೇವೆ. ವಾರಕ್ಕೆ ಇಪ್ಪತ್ತು ಲೆಕ್ಕದ ಬದಲು ಎರಡೇ ಲೆಕ್ಕ ಇಟ್ಟುಕೊಳ್ಳಿ, ಒಂದೊಂದಕ್ಕೆ ಎರಡು ಮೂರು ದಿನ ಕೊಡಿ.

ಹೆಜ್ಜೆ 4: ಲೆಕ್ಕವನ್ನು ಚಿಕ್ಕದು ಮಾಡಿ

ಏನೂ ತೋಚದಿದ್ದಾಗ ಮಾಡಬೇಕಾದ ಮೊದಲ ಕೆಲಸ ಇದು. ಒಂದು ಲೆಕ್ಕ ತೆಗೆದುಕೊಂಡು ಪೂರ್ತಿ ಮಾಡೋಣ. ಯಾವ ಸಂಖ್ಯೆಗಳನ್ನು ಎರಡು ಅಥವಾ ಜಾಸ್ತಿ ಅನುಕ್ರಮ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು? 1, 2, 3ರಂಥ ಧನ ಪೂರ್ಣಾಂಕಗಳನ್ನು ಮಾತ್ರ ಬಳಸಬೇಕು. ಉದಾಹರಣೆಗೆ 9 = 4 + 5.

ಸೂತ್ರ ಹುಡುಕಬೇಡಿ. ಒಂದರಿಂದ ಶುರು ಮಾಡಿ. 1 ಆಗಲ್ಲ. 2 ಆಗಲ್ಲ. 3 = 1 + 2. 4 ಆಗಲ್ಲ. 5 = 2 + 3. 6 = 1 + 2 + 3. 7 = 3 + 4. 8 ಆಗಲ್ಲ. 9 ಆಗುತ್ತದೆ, 2 + 3 + 4 ಅಂತಲೂ ಬರೆಯಬಹುದು. 10 = 1 + 2 + 3 + 4. ಇಲ್ಲಿಗೆ ಬರುವಷ್ಟರಲ್ಲಿ ಆಗದ ಸಂಖ್ಯೆಗಳ ಪಟ್ಟಿ ನೋಡಿ. 1, 2, 4, 8. ಮುಂದಿನದು 16 ಇರಬೇಕು ಅಂತ ಅನುಮಾನ ಬಂತಾ? ಪರೀಕ್ಷೆ ಮಾಡಿ. 11ರಿಂದ 15ರವರೆಗೆ ಎಲ್ಲವೂ ಆಗುತ್ತವೆ, 16 ಆಗುವುದಿಲ್ಲ.

ಬಹಳ ಜನ ಇಲ್ಲಿಗೆ "2ರ ಘಾತಗಳು ಆಗುವುದಿಲ್ಲ" ಅಂತ ಬರೆದು ಮುಗಿಸುತ್ತಾರೆ. ಇನ್ನೂ ಮುಗಿದಿಲ್ಲ. ಯಾಕೆ ಆಗುವುದಿಲ್ಲ? ಈಗ ಆದ ಉದಾಹರಣೆಗಳನ್ನು ಮತ್ತೆ ನೋಡಿ. 2 + 3 + 4 ಅಂದರೆ ನಡುವಿನ 3ರ ಮೂರು ಪಟ್ಟು. ಬೆಸ ಎಣಿಕೆಯಲ್ಲಿ ಸಂಖ್ಯೆಗಳಿದ್ದರೆ ಮೊತ್ತ ಯಾವಾಗಲೂ ನಡುವಿನ ಸಂಖ್ಯೆಯನ್ನು ಆ ಎಣಿಕೆಯಿಂದ ಗುಣಿಸಿದಷ್ಟು. ಅಂದರೆ ಮೊತ್ತಕ್ಕೆ ಒಂದು ಬೆಸ ಅಪವರ್ತನ ಸಿಕ್ಕಿತು. 1 + 2 + 3 + 4 ಆದರೆ? ನಡುವಿನ ಜೋಡಿ 2 + 3, ಹೊರಗಿನ ಜೋಡಿ 1 + 4, ಎರಡೂ 5. ನಡುವಿನ ಎರಡು ಸಂಖ್ಯೆಗಳಲ್ಲಿ ಒಂದು ಸಮ, ಒಂದು ಬೆಸ, ಹಾಗಾಗಿ ಜೋಡಿಯ ಮೊತ್ತ ಬೆಸವೇ. ಇಲ್ಲೂ ಬೆಸ ಅಪವರ್ತನ. ಹೇಗೆ ಬರೆದರೂ ಮೊತ್ತದಲ್ಲಿ 1ಕ್ಕಿಂತ ದೊಡ್ಡ ಬೆಸ ಅಪವರ್ತನ ಇದ್ದೇ ಇರುತ್ತದೆ. 16ಕ್ಕೆ ಅಂಥದ್ದು ಇಲ್ಲವೇ ಇಲ್ಲ. ಮುಗಿಯಿತು.

ಹಾಗಾದರೆ ಬೆಸ ಅಪವರ್ತನ ಇರುವ ಸಂಖ್ಯೆಗಳೆಲ್ಲ ಆಗುತ್ತವಾ? 14 = 7 × 2. ನಡುವೆ 2 ಇಟ್ಟು ಏಳು ಸಂಖ್ಯೆ ಬರೆದರೆ −1, 0, 1, 2, 3, 4, 5. ಋಣ ಸಂಖ್ಯೆ ಬಂತಲ್ಲ ಅಂತ ಬಿಟ್ಟುಬಿಡಬೇಡಿ. −1 ಮತ್ತು 1 ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು 2 + 3 + 4 + 5. ಎಣಿಸಿ, 14! ಇಂಥ ಲೆಕ್ಕದ ಸೊಗಸು ಏನೆಂದರೆ ಇದಕ್ಕೆ ಬೇಕಾಗಿದ್ದು ಕೂಡುವುದು ಮತ್ತು ಸಮ-ಬೆಸ ಇಷ್ಟೇ. ಏಳನೆಯ ತರಗತಿಗೆ ಹಾಗೇ ಒಯ್ಯಬಹುದು.

ಹೆಜ್ಜೆ 5: ಉತ್ತರ ಬಂದ ಮೇಲೆ ಎದ್ದು ಹೋಗಬೇಡಿ

ಹಂಗೆರಿಯಲ್ಲಿ ಹುಟ್ಟಿ ಮುಂದೆ ಅಮೆರಿಕದಲ್ಲಿ ಪಾಠ ಮಾಡಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಹೇಳಿದ ನಾಲ್ಕು ಹಂತಗಳನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿರಬಹುದು. ಅರ್ಥ ಮಾಡಿಕೋ, ಯೋಜನೆ ಹಾಕು, ಜಾರಿ ಮಾಡು, ಹಿಂತಿರುಗಿ ನೋಡು. ನಾಲ್ಕನೆಯದನ್ನು ಬರೆಯುತ್ತೇವೆ, ಮಾಡುವುದಿಲ್ಲ.

ಒಂದು ಉದಾಹರಣೆ ಸಾಕು. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40 ಕಿ.ಮೀ. ಸರಾಸರಿ ವೇಗ? 50 ಅಂತ ಬಾಯಿಗೆ ಬರುತ್ತದೆ. ದೂರ 120 ಕಿ.ಮೀ. ಅಂತ ಇಟ್ಟು ನೋಡಿ. ಹೋಗಲು 2 ಗಂಟೆ, ಬರಲು 3 ಗಂಟೆ. 240 ಕಿ.ಮೀ.ಗೆ 5 ಗಂಟೆ, ಅಂದರೆ 48. ಹಿಂತಿರುಗಿ ನೋಡುವುದು ಅಂದರೆ "48 ಸರಿ" ಅಂತ ಟಿಕ್ ಹಾಕುವುದಷ್ಟೇ ಅಲ್ಲ. 50ಕ್ಕಿಂತ ಕಡಿಮೆ ಯಾಕೆ ಬಂತು? ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಕಳೆದಿದ್ದೇವೆ. ಯಾವಾಗ 50 ಬರುತ್ತಿತ್ತು? ಎರಡೂ ವೇಗದಲ್ಲಿ ಒಂದೇ ಸಮಯ ಓಡಿಸಿದ್ದರೆ. ಈ ಎರಡು ಪ್ರಶ್ನೆ ಕೇಳಿಕೊಂಡವರಿಗೆ ಮಕ್ಕಳು 50 ಅಂದಾಗ ಏನು ಕೇಳಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹೆಜ್ಜೆ 6: ಜೋಡಿಯಾಗಿ ಕೂತು, ಒಬ್ಬರು ಮಾತಾಡಿ

ಗೆಳೆಯರ ಜೊತೆ ಕೂತು ಓದುವುದು ಅಂದರೆ ಸಾಮಾನ್ಯವಾಗಿ ಜಾಣರೊಬ್ಬರು ಬಿಡಿಸುತ್ತಾರೆ, ಉಳಿದವರು ಕಾಪಿ ಮಾಡುತ್ತಾರೆ. ಹಾಗೆ ಬೇಡ. ಒಬ್ಬರು ತಲೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಬಿಡಿಸಲಿ. ಇನ್ನೊಬ್ಬರು ಕೇಳಲಿ. ಕೇಳುವವರು ತಪ್ಪು ತಿದ್ದುವ ಹಾಗಿಲ್ಲ, ಸುಳಿವು ಕೊಡುವ ಹಾಗೂ ಇಲ್ಲ. "ಈಗ ಹೇಳಿದ್ದು ಇನ್ನೊಂದ್ಸಲ ಹೇಳು", "ಅದು ಎಲ್ಲಿಂದ ಬಂತು?" ಅಂತ ಮಾತ್ರ ಕೇಳಬಹುದು. ಮುಂದಿನ ಲೆಕ್ಕಕ್ಕೆ ಪಾತ್ರ ಬದಲಾಯಿಸಿ. ಕೇಳುವ ಪಾತ್ರವೇ ನಿಜವಾಗಿ ಕಷ್ಟ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದು ಶಿಕ್ಷಕರಾಗುವವರಿಗೆ ಬೇಕಾದ ದೊಡ್ಡ ಅಭ್ಯಾಸ.

ಆಗ ಎಷ್ಟೋ ಸಲ ಬೇರೆ ವಿಷಯವೂ ಹೊರಬೀಳುತ್ತದೆ. ಯೋಚನೆಯ ದಾರಿ ಸರಿ ಇರುತ್ತದೆ, ಶಾಲೆಯ ಗಣಿತದ ಒಂದು ತುಂಡೇ ಕೈಕೊಟ್ಟಿರುತ್ತದೆ. ಅನುಪಾತವೋ, ಭಿನ್ನರಾಶಿಯೋ, ಋಣ ಸಂಖ್ಯೆಯೋ. ಮುಜುಗರ ಬಿಟ್ಟು ಆರನೆಯ ತರಗತಿಯ ಪುಸ್ತಕ ತೆಗೆದು ಅದೊಂದನ್ನು ಸರಿ ಮಾಡಿಕೊಳ್ಳಿ.

ಹೆಜ್ಜೆ 7: ಗೊತ್ತಿರುವ ನಿಯಮಕ್ಕೆ ಕಥೆ ಕಟ್ಟಿ

ಒಂದು ಮುಕ್ಕಾಲನ್ನು ಅರ್ಧದಿಂದ ಭಾಗಿಸಿ. "ತಿರುಗಿಸಿ ಗುಣಿಸು" ಅಂದುಕೊಂಡು 7/4 × 2/1 = 3½ ಅಂತ ಬರೆದಿರಿ. ಸರಿ. ಈಗ ಈ ಭಾಗಾಕಾರಕ್ಕೆ ಹೊಂದುವ ಒಂದು ಕಥೆ ಹೇಳಿ.

ಲಿಪಿಂಗ್ ಮಾ ಎಂಬ ಸಂಶೋಧಕಿ ಇದೇ ಕೆಲಸವನ್ನು ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲಾ ಶಿಕ್ಷಕರು ಹೇಗೆ ಮಾಡಿದರು ಅಂತ ಹೋಲಿಸಿ ನೋಡಿದ್ದರ ವಿವರ 1999ರಲ್ಲಿ ಪ್ರಕಟವಾಯಿತು. ಚೀನಾದ 72 ಶಿಕ್ಷಕರೂ ಲೆಕ್ಕ ಸರಿಯಾಗಿ ಮಾಡಿದರು. ಅಮೆರಿಕದಲ್ಲಿ ಲೆಕ್ಕಕ್ಕೆ ಕೈಹಾಕಿದ 21 ಜನರಲ್ಲಿ 9 ಮಂದಿಗೆ ಮಾತ್ರ ಸರಿಯಾಗಿ ಬಂತು. ಕಥೆಯ ವಿಷಯಕ್ಕೆ ಬಂದರೆ ಅಮೆರಿಕದ ಗುಂಪಿನಲ್ಲಿ ಒಪ್ಪಬಹುದಾದ ಕಥೆ ಕಟ್ಟಿದವರು ಒಬ್ಬರೇ. ತುಂಬಾ ಜನ "ಇಬ್ಬರಿಗೆ ಹಂಚು" ಅಂತ ಕಥೆ ಕಟ್ಟಿದರು. ಅದು ಅರ್ಧದಿಂದ ಭಾಗಿಸುವುದಲ್ಲ, 2ರಿಂದ ಭಾಗಿಸುವುದು.

ಸರಿಯಾದ ಕಥೆ ಹೀಗಿರಬಹುದು. ಒಂದು ಮುಕ್ಕಾಲು ಲೀಟರ್ ನೀರಿದೆ, ಅರ್ಧ ಲೀಟರ್ ಬಾಟಲಿಗಳಿಗೆ ತುಂಬಿಸಿದರೆ ಎಷ್ಟು ಬಾಟಲಿ ತುಂಬುತ್ತವೆ? ಮೂರು ಬಾಟಲಿ ತುಂಬಿದ ಮೇಲೆ ಕಾಲು ಲೀಟರ್ ಉಳಿಯಿತು. ಹಾಗಾದರೆ ಉತ್ತರ 3¼ ಯಾಕೆ ಅಲ್ಲ? ಇಲ್ಲಿ ಸ್ವಲ್ಪ ನಿಲ್ಲಿ. ಉಳಿದ ನೀರು ಲೀಟರಿನ ಲೆಕ್ಕದಲ್ಲಿ ಕಾಲು, ಬಾಟಲಿಯ ಲೆಕ್ಕದಲ್ಲಿ ಅರ್ಧ. ಪ್ರಶ್ನೆ ಕೇಳಿದ್ದು ಬಾಟಲಿಯನ್ನು. ಮಕ್ಕಳು ಸಿಕ್ಕಿಬೀಳುವುದು ಇಲ್ಲೇ, ನಿಯಮ ಮಾತ್ರ ಗೊತ್ತಿರುವ ಶಿಕ್ಷಕರೂ ಇಲ್ಲೇ. ಹೀಗೆ ದಿನಕ್ಕೊಂದು ನಿಯಮ ತೆಗೆದುಕೊಂಡು ಕಥೆ ಕಟ್ಟಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಅನ್ನುವುದಕ್ಕೆ ಕಟ್ಟುವುದು ಸ್ವಲ್ಪ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹೆಜ್ಜೆ 8: ಪಾಠ ಯೋಜನೆಗೆ ಒಂದು ಕಾಲಂ ಸೇರಿಸಿ

ಅಭ್ಯಾಸ ಪಾಠಕ್ಕೆ ಹೋಗುವಾಗ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಅಂತ ಕಾಲಂಗಳನ್ನು ತುಂಬಿಸುತ್ತೀರಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಎಳೆಯಿರಿ, "ಬರಬಹುದಾದ ತಪ್ಪು ಉತ್ತರಗಳು" ಅಂತ. ಹೆಜ್ಜೆ 3ರಲ್ಲಿ ಗೆರೆ ಎಳೆದು ಬಿಟ್ಟಿದ್ದ ದಾರಿಗಳು ಈಗ ಉಪಯೋಗಕ್ಕೆ ಬರುತ್ತವೆ, ಯಾಕೆಂದರೆ ನಿಮಗೆ ಹೊಳೆದ ತಪ್ಪು ದಾರಿ ಮಕ್ಕಳಿಗೂ ಹೊಳೆಯುತ್ತದೆ. ಪ್ರತಿ ತಪ್ಪು ಉತ್ತರದ ಎದುರು ಒಂದೇ ಒಂದು ಪ್ರಶ್ನೆ ಬರೆಯಿರಿ. ವಿವರಣೆ ಬರೆಯಬೇಡಿ.

ಬಾಟಲಿಯ ಲೆಕ್ಕವನ್ನೇ ನೋಡಿ. 3¼ ಅಂತ ಬಂದರೆ, "ಆ ಕಾಲು ಯಾವುದರ ಕಾಲು?" 7/8 ಬಂದರೆ ಮಗು ತಿರುಗಿಸುವುದನ್ನು ಮರೆತು ಹಾಗೇ ಗುಣಿಸಿದೆ, ಅಥವಾ ಎರಡು ಪಾಲು ಮಾಡಿದೆ. ಎರಡರಲ್ಲಿ ಯಾವುದು ಅಂತ ಪೇಪರ್ ನೋಡಿದರೆ ಗೊತ್ತಾಗುವುದಿಲ್ಲ, "ಹೇಗೆ ಮಾಡಿದೆ, ಹೇಳು ಪುಟ್ಟ" ಅಂತಲೇ ಕೇಳಬೇಕು. 2/7 ಬಂದರೆ ಮೊದಲ ಭಿನ್ನರಾಶಿಯನ್ನು ತಿರುಗಿಸಿದೆ. ಆಗ ನಿಯಮದ ಮಾತೇ ಎತ್ತಬೇಡಿ. "ಒಂದು ಮುಕ್ಕಾಲು ಲೀಟರ್ ನೀರಲ್ಲಿ ಒಂದು ಬಾಟಲಿಯಾದರೂ ತುಂಬುತ್ತಾ?" ಅಂತ ಕೇಳಿ, ಆಮೇಲೆ ಸುಮ್ಮನಿರಿ.